ಮೂರನೇ ಶಿಫಾರಸು

ಒಂದಾನೊಂದು ಊರಿನಲ್ಲಿ ಒಬ್ಬ ರಾಜಕುಮಾರಿ ಇದ್ದಳು. ಅರಮನೆ ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಬಸ್ ನಿಲ್ದಾಣದ ಒಳಗಡೆ, ಪಾಸ್ ಕೊಡುವ ಮೂರನೇ ಕೌಂಟರ್. ಸಿಂಹಾಸನದ ಒಂದು ಚಕ್ರ ಕಳಚಿಹೋಗಿತ್ತು. ಏಳು ಸಮುದ್ರದಾಚೆಯ ಹೂವು ತಂದುಕೊಡು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ದೊಡ್ಡಮ್ಮ ಕೇಳಿದ್ದು ಅದಕ್ಕಿಂತ ಕಷ್ಟದ್ದು.

"ಆ ಅರ್ಜಿನ ಈ ವರ್ಷನಾದ್ರೂ ಕಳಿಸ್ತೀಯೇನೇ?"

ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸಿನ ಅರ್ಜಿ. ದೂರದ ಊರು, ದೊಡ್ಡ ವಿಶ್ವವಿದ್ಯಾಲಯ, ಎರಡು ವರ್ಷದ ಓದು. ಪ್ರತಿ ವರ್ಷವೂ ಎಲ್ಲ ತುಂಬುವಳು. ಪ್ರತಿ ವರ್ಷವೂ ಕೊನೆಯ ದಿನ ಲ್ಯಾಪ್‌ಟಾಪ್ ಮುಚ್ಚಿಬಿಡುವಳು. ಒಮ್ಮೆ ನೆಗಡಿ, ಒಮ್ಮೆ ಕರೆಂಟು, ಒಮ್ಮೆ ಬರೀ ಹೆದರಿಕೆ.

"ಕಳಿಸ್ತೀನಿ ದೊಡ್ಡಮ್ಮಾ, ನಿನ್ನಾಣೆ."

"ನನ್ನಾಣೆ ಬೇಡಮ್ಮ, ನಾನಿನ್ನೂ ಬದುಕ್ಬೇಕು. ನಿನ್ನ ಜಡೆ ಮೇಲೆ ಆಣೆ ಇಡು."

ಜಡೆಯೆಂದರೆ ಅವಳಿಗೆ ಪ್ರಾಣ. ಹಾಗಾಗಿ ಮಾತು ಗಟ್ಟಿಯಾಯಿತು.

ಅರ್ಜಿಗೆ ಮೂರು ಶಿಫಾರಸು ಬೇಕು. ಕಾಲೇಜಿನ ಇಬ್ಬರು ಮೇಷ್ಟ್ರು ಆಗಲೇ ಕಳಿಸಿದ್ದರು. ಮೂರನೆಯದು ಕೆಲಸದ ಜಾಗದಿಂದ ಬರಬೇಕಿತ್ತು. ಅದಕ್ಕೆ ಅವಳ ಕಣ್ಣ ಮುಂದೆ ಇದ್ದದ್ದು ಒಂದೇ ಮುಖ, ಮಹಡಿ ಮೇಲೆ ಕೂತು ಬಸ್ಸುಗಳ ವೇಳಾಪಟ್ಟಿ ಬರೆಯುವವನದು. ಇಡೀ ಆಫೀಸು ಅವನನ್ನು ಟೈಮ್‌ಟೇಬಲ್ ಎಂದೇ ಕರೆಯುತ್ತಿತ್ತು. ಕರೆದರೆ ಸಿಟ್ಟಾಗುತ್ತಿರಲಿಲ್ಲ, ಕಣ್ಣಂಚಿನಲ್ಲಿ ನಗುತ್ತಿದ್ದ. ಆ ಕಣ್ಣಂಚು ಅವಳಿಗೆ ಬಾಯಿಪಾಠವಾಗಿತ್ತು.

ಪಾಸ್ ಕೊಡುವಾಗ ಅವಳದೊಂದು ಅಭ್ಯಾಸ. ಯಾರೂ ಕೇಳು ಎನ್ನದ ಪ್ರಶ್ನೆಯೊಂದನ್ನು ಕೇಳುವಳು: "ಕೆಲಸ ಎಷ್ಟೊತ್ತಿಗೆ ಬಿಡುತ್ತೆ?" ಕೇಳುತ್ತ ಕೇಳುತ್ತ ಗೊತ್ತಾಯಿತು, ಆಸ್ಪತ್ರೆಯ ನೆಲ ಒರೆಸುವ ಹೆಂಗಸರ ಪಾಳಿ ಮುಗಿಯುವ ಮುಂಚೆಯೇ ಆ ದಾರಿಯ ಕೊನೆಯ ಬಸ್ಸು ಹೊರಟುಬಿಡುತ್ತದೆ. ಪಾಸು ಕೈಯಲ್ಲಿಟ್ಟುಕೊಂಡೇ ಅವರು ನಡೆದು ಮನೆ ಸೇರುತ್ತಿದ್ದರು. ಅವಳು ದಡದಡ ಮಹಡಿ ಹತ್ತಿದಳು. ಅವನು ಪೂರ್ತಿ ಕೇಳಿದ. ಗೋಡೆಯುದ್ದ ಹಾಸಿದ ಕಾಗದದಲ್ಲಿ ಒಂದೊಂದು ಬಸ್ಸಿಗೆ ಒಂದೊಂದು ಓರೆ ಗೆರೆ. ಅದರಲ್ಲಿ ಒಂದನ್ನು ಅಳಿಸಿ, ಸ್ವಲ್ಪ ಬಲಕ್ಕೆ ಸರಿಸಿ, ಹಸಿರು ಪೆನ್ಸಿಲ್ಲಿನಲ್ಲಿ ಮತ್ತೆ ಎಳೆದ.

"ಇದು ನಿಮ್ಮ ಬಸ್ಸು," ಎಂದ.

ಅವಳ ಅರ್ಜಿಯ ಪ್ರಬಂಧವೆಲ್ಲ ಆ ಹಸಿರು ಗೆರೆಯ ಮೇಲೆಯೇ. ಅವಳ ಊಟದ ಡಬ್ಬಿಯೂ ಅಂದಿನಿಂದ ಮಹಡಿ ಹತ್ತತೊಡಗಿತ್ತು. ಹೀಗಿರುವಾಗ ಅವನನ್ನು ಬಿಟ್ಟು ಇನ್ಯಾರನ್ನು ಕೇಳುವುದು?

"ನಂಗೊಂದು ಶಿಫಾರಸು ಬರ್ಕೊಡ್ತೀರಾ?"

ಪೆನ್ಸಿಲ್ ಚೂಪು ಮಾಡುತ್ತಿದ್ದವನು ಮೊನೆ ಮುರಿದುಕೊಂಡ. "ನನ್ನಿಂದ ಆಗಲ್ಲ ರೀ."

"ಯಾಕೆ?"

"ಆಗಲ್ಲ. ಮ್ಯಾನೇಜರ್ ಸಾಹೇಬ್ರನ್ನ ಕೇಳಿ, ಅವ್ರು ಬರೆದ್ರೆ ತೂಕ ಜಾಸ್ತಿ."

ಅವಳು ನೆಲ ನೋಡುತ್ತ ಇಳಿದುಬಂದಳು. ಆ ಕ್ಷಣ ಅವನ ಕಿವಿ ಕೆಂಪಾದದ್ದನ್ನು ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅದಾದ ವಾರದಲ್ಲೇ ಸುರುಳಿ ತನ್ನ ಸುದ್ದಿ ತಂದಳು. ಸುರುಳಿಯೆಂದರೆ ಮಹಡಿ ಮೇಲೆ ತರಬೇತಿಗೆ ಬಂದಿದ್ದ ಹುಡುಗಿ. ಸುರುಳಿ ಸುರುಳಿ ಕೂದಲು. ನಕ್ಕರೆ ಒಂದೊಂದು ಸುರುಳಿಯೂ ಬೇರೆ ಬೇರೆ ನಗುತ್ತಿತ್ತು.

"ಅಕ್ಕಾ, ನಾನೂ ಅದೇ ಕೋರ್ಸಿಗೆ ಹಾಕ್ತಿದೀನಿ! ಟೈಮ್‌ಟೇಬಲ್ ಸರ್ ಶಿಫಾರಸು ಬರ್ಕೊಟ್ರು. ಬೆಳಿಗ್ಗೆ ಕೇಳ್ದೆ, ಮಧ್ಯಾಹ್ನ ಕೊಟ್ರು!"

"ಓ, ಒಳ್ಳೇದಾಯ್ತು," ಎಂದಳು ಅವಳು. ಒಳ್ಳೇದು ಎಂಬ ಮಾತು ಅಷ್ಟು ಕಹಿಯಾಗಿರಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

ಅಲ್ಲಿಂದ ಅವಳ ಹೊಟ್ಟೆಯೊಳಗೆ ಒಲೆ ಹೊತ್ತಿತು. ಊಟದ ಡಬ್ಬಿ ಕೆಳಗೇ ಉಳಿಯಿತು. ನೀರು ಕುಡಿಯುವ ನೆಪದಲ್ಲಿ ಮೆಟ್ಟಿಲ ತಿರುವಿನವರೆಗೆ ಹೋಗಿ ಇಣುಕುವಳು. ಅವನ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಬಂದಿದೆ. ಅವನು ಏನೋ ಹೇಳುತ್ತಾನೆ, ಸುರುಳಿ ನಗುತ್ತಾಳೆ. ಅಷ್ಟು ನಗುವಂಥದ್ದು ಬಸ್ಸಿನ ಲೆಕ್ಕದಲ್ಲಿ ಏನಿದೆ? ಒಂದು ದಿನವಂತೂ ಸುರುಳಿಯ ಕೈಯಲ್ಲಿ ಹಸಿರು ಪೆನ್ಸಿಲ್! ಹಸಿರನ್ನೇ ಕೊಡಬೇಕಿತ್ತೆ? ಕೆಂಪು ಇರಲಿಲ್ಲವೆ? ನೀಲಿಗೆ ಬರ ಬಂದಿತ್ತೆ?

"ಏನೇ, ಮುಖ ಊದ್ಕೊಂಡಿದೆ?" ಎರಡನೇ ಕೌಂಟರಿನ ಅಕ್ಕ ಕೇಳಿದಳು.

"ಹಲ್ಲುನೋವು."

"ಯಾವ ಕಡೆ? ಎಡಗಡೆನಾ, ಬಲಗಡೆನಾ, ಮಹಡಿ ಕಡೆನಾ?"

ಅವಳು ಯಾರದೋ ಪಾಸಿಗೆ ಫೋಟೋ ತಲೆಕೆಳಗಾಗಿ ಅಂಟಿಸಿದಳು. ಮ್ಯಾನೇಜರನ್ನೂ ಕೇಳಲಿಲ್ಲ. ಅವನು ಬೇಡವೆಂದ ಮೇಲೆ, ಅವನು ತೋರಿಸಿದ ಬಾಗಿಲನ್ನು ತಟ್ಟುವುದೆ? ಅವಳಿಗೂ ಮಾನ ಇಲ್ಲವೆ? ಹಾಗೆ ಮಾನ ಕಾಯುತ್ತ ಕೂತಿರುವಾಗಲೇ ಅರ್ಜಿಯ ಕೊನೆಯ ದಿನ ಬಂದುಬಿಟ್ಟಿತು.

ಆ ದಿನವೇ ಸುರುಳಿ ಕಿಟಕಿಗೆ ಬಂದಳು. ಪಾಸ್ ನವೀಕರಿಸಬೇಕಂತೆ. ರಾಜಕುಮಾರಿ ಫೋಟೋವನ್ನು ಬೆಳಕಿಗೆ ಹಿಡಿದು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಆಗಲ್ಲಮ್ಮ. ಕಿವಿ ಕಾಣ್ತಿಲ್ಲ."

"ಕಿವಿನಾ ಅಕ್ಕಾ?"

"ಹೌದು. ಕೂದಲು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಬೇರೆ ಫೋಟೋ ತೆಗೆಸ್ಕೊಂಡು ಬಾ."

ಹುಡುಗಿ ಪೆಚ್ಚಾಗಿ ಹೋದಳು. ರಾಜಕುಮಾರಿಗೆ ಒಂದು ಕ್ಷಣ ತಂಪೆನಿಸಿತು, ಮರುಕ್ಷಣ ನಾಚಿಕೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಟೈಮ್‌ಟೇಬಲ್ ಸಾಲನ್ನು ಬಳಸಿ ಬಂದು ಗಾಜಿನ ಕಂಡಿಗೆ ಬಾಗಿದ.

"ಕಿವಿ ಕಾಣ್ಬೇಕು ಅನ್ನೋ ನಿಯಮ ಯಾವಾಗ ಬಂತು?"

"ಇವತ್ತು ಬೆಳಿಗ್ಗೆ."

"ಯಾರು ಮಾಡಿದ್ದು?"

"ನಾನೇ. ಅವಳ ಪರವಾಗಿ ಓಡಿ ಬಂದ್ರಾ ಸಾಹೇಬ್ರು?"

"ಪಾಪ, ಸಣ್ಣ ಹುಡುಗಿ ರೀ, ಅಳ್ತಾ ಕೂತಿದಾಳೆ."

"ಅಳಲಿ! ಕಣ್ಣೀರಿಗೂ ಒಂದು ಶಿಫಾರಸು ಬರ್ಕೊಡಿ." ಅವಳ ದನಿ ಏರಿತು. ಇಷ್ಟು ದಿನ ಜೋಪಾನ ಮಾಡಿದ ಬಹುವಚನ ಯಾವಾಗ ಜಾರಿತೋ ಅವಳಿಗೇ ತಿಳಿಯಲಿಲ್ಲ. "ನಿನ್ನೆ ಮೊನ್ನೆ ಬಂದೋಳಿಗೆ ಅರ್ಧ ದಿನದಲ್ಲಿ ಬರ್ಕೊಟ್ಟೆ. ನಂಗೆ ಆಗಲ್ಲ ಅಂದೆ. ಆ ಬಸ್ಸಿನ ಕೆಲಸ ನಿಂಗೊಬ್ಬನಿಗೆ ಪೂರ್ತಿ ಗೊತ್ತಿರೋದು. ನನ್ನ ಬಗ್ಗೆ ಬರೆಯೋಕೆ ನಿಂಗೆ ಒಂದು ಒಳ್ಳೆ ಮಾತೂ ಸಿಗ್ಲಿಲ್ವಾ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

ಅವನು ಗಾಜಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದ. "ಅವಳಿಗೆ ಬರೆಯೋದು ಸುಲಭ. ಹೊತ್ತಿಗೆ ಸರಿಯಾಗಿ ಬರ್ತಾಳೆ, ಬೇಗ ಕಲೀತಾಳೆ, ಮುಗೀತು. ನೀವು ಅರ್ಜಿ ಹಾಕ್ತೀನಿ ಅಂದ ದಿನವೇ ನಾನು ವಿಶ್ವವಿದ್ಯಾಲಯದ ವೆಬ್‌ಸೈಟ್ ಪೂರ್ತಿ ಓದಿದ್ದೆ. ಶಿಫಾರಸು ಮಾಡೋರು ಬಂಧು ಆಗಿರಬಾರದಂತೆ. ಮನಸ್ಸಿಗೆ ತೀರಾ ಹತ್ತಿರದೋರೂ ಆಗಿರಬಾರದಂತೆ. ಹಾಗೇನೂ ಇಲ್ಲ ಅಂತ ಸಹಿ ಹಾಕ್ಬೇಕು."

"ನೀನು ನಮಗೆ ಬಂಧು ಅಲ್ವಲ್ಲ."

"ಬಂಧು ಅಲ್ಲ."

ಅವಳು ಕಾದಳು. ಅವನು ತಲೆಯೆತ್ತಿ ನೋಡಿದ. ಆ ಕಣ್ಣಂಚಿನಲ್ಲಿ ಈಗ ನಗುವಿರಲಿಲ್ಲ. ಸಿಕ್ಕಿಬಿದ್ದವನ ಹೆದರಿಕೆಯಿತ್ತು, ಹೆದರಿಕೆಯ ಹಿಂದೆ ಎಷ್ಟೋ ದಿನದಿಂದ ಕಾದು ಕೂತ ಏನೋ ಇತ್ತು.

"ಸುಳ್ಳು ಸಹಿ ಹಾಕೋಕೆ ಕೈ ಬರ್ಲಿಲ್ಲ," ಎಂದ ಮೆಲ್ಲಗೆ.

ಸಾಲಿನ ಮುಂದಿದ್ದ ಮುದುಕರೊಬ್ಬರು ಊರುಗೋಲು ಕುಟ್ಟಿದರು. "ತಾಯೀ, ನಿಮಗೆ ಅರ್ಥ ಆಯ್ತೋ ಇಲ್ವೋ? ನಮಗೆಲ್ಲ ಆಯ್ತು. ನನ್ನ ಪಾಸು ಕೊಟ್ಬಿಡಿ."

ನಗು ಸಾಲಿನ ತುದಿಯವರೆಗೆ ಹರಿಯಿತು. ಅವಳ ಕೆನ್ನೆಯಿಂದ ಕಿವಿಯವರೆಗೆ ಬಿಸಿ ಹತ್ತಿತು.

"ಮ್ಯಾನೇಜರ್ ಕಳಿಸಿದ್ರು ತಾನೇ?" ಅವನು ಕೇಳಿದ.

"ಕೇಳೇ ಇಲ್ಲ."

"ಏನು? ಸಂಜೆ ಕಚೇರಿ ಬಿಡೋ ಹೊತ್ತಿಗೆ ಅರ್ಜಿಯ ಬಾಗಿಲು ಮುಚ್ಚುತ್ತೆ!"

"ಗೊತ್ತು. ಸಿಟ್ಟಿತ್ತು."

"ಸಿಟ್ಟನ್ನ ನನ್ನ ಮೇಲೆ ತೀರಿಸ್ಕೋ ಮಾರಾಯ್ತಿ, ಅರ್ಜಿ ಮೇಲೆ ಯಾಕೆ?"

ಅವನೂ ಏಕವಚನಕ್ಕೆ ಇಳಿದಿದ್ದ. ಅವಳಿಗೆ ಅದು ಬಹಳ ಇಷ್ಟವಾಯಿತು. ಆದರೆ ಇಷ್ಟಪಡುತ್ತ ಕೂರಲು ಹೊತ್ತಿರಲಿಲ್ಲ. ಮುದುಕರ ಪಾಸು ಕೊಟ್ಟಳು. ಸಾಲನ್ನು ಎರಡನೇ ಕೌಂಟರಿನ ಅಕ್ಕನಿಗೆ ಒಪ್ಪಿಸಿದಳು. ಸುರುಳಿಯ ಪಾಸಿಗೆ ಅದೇ ಫೋಟೋ ಅಂಟಿಸಿ, ಸೀಲು ಹೊಡೆದು, ಮಹಡಿ ಹತ್ತಿ ಅವಳ ಕೈಗೇ ಇಟ್ಟಳು.

"ಕಿವಿ, ಅಕ್ಕಾ?"

"ನಿಯಮ ರದ್ದಾಯ್ತಮ್ಮ. ತಪ್ಪು ನಂದು. ಕೂದಲು ಚೆನ್ನಾಗಿದೆ."

ಮ್ಯಾನೇಜರ್ ಸಾಹೇಬರು ಏನು ಹೇಳಿದರೂ "ಹೂಂ" ಎನ್ನುವವರು. ಆ ಹೂಂನಲ್ಲೇ ರಜೆ, ಬೈಗುಳ, ಬಡ್ತಿ ಎಲ್ಲ ಇರುತ್ತಿತ್ತು. ಅವಳು ತಡವರಿಸುತ್ತ ಕೇಳಿದಳು.

"ಆಸ್ಪತ್ರೆ ಬಸ್ಸು ನಿಮ್ದೇ ತಾನೇ? ಹೂಂ. ಬರೀತೀನಿ," ಎಂದು ಒಂದೇ ಬೆರಳಲ್ಲಿ ಟೈಪ್ ಮಾಡತೊಡಗಿದರು. ನಡುವೆ ಕನ್ನಡಕದ ಮೇಲಿಂದ ಇಣುಕಿದರು. "ನಮ್ಮ ಟೈಮ್‌ಟೇಬಲ್‌ನ ಯಾಕೆ ಕೇಳ್ಲಿಲ್ಲ?"

ಅವಳು ಕಿಟಕಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅವನು ಛಾವಣಿ ನೋಡಿದ.

"ಹೂಂ..." ಎಂದರು ಸಾಹೇಬರು. ಅಷ್ಟು ಉದ್ದದ ಹೂಂ ಆ ಕಚೇರಿ ಅದುವರೆಗೂ ಕೇಳಿರಲಿಲ್ಲ.

ಶಿಫಾರಸು ಹೋಯಿತು. ಅವಳು ಅವನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಮೂರು ಶಿಫಾರಸಿನ ಎದುರಿಗೂ ಸರಿ ಗುರುತು. ಸಬ್ಮಿಟ್ ಎಂಬ ಗುಂಡಿ ಒಂದೇ ಬಾಕಿ. ಆಗ ಹಳೆಯ ಹೆದರಿಕೆ ಬಂದು ಪಕ್ಕದಲ್ಲಿ ಕೂತಿತು. ಈ ಸಲ ಅದು ಒಂಟಿಯಾಗಿ ಬಂದಿರಲಿಲ್ಲ, ಹೊಟ್ಟೆಕಿಚ್ಚನ್ನೂ ಜೊತೆಗೆ ಕರೆತಂದಿತ್ತು.

"ಸೀಟು ಸಿಕ್ಕಿದ್ರೆ ಎರಡು ವರ್ಷ ಇಲ್ಲಿರಲ್ಲ ನಾನು," ಎಂದಳು.

"ಗೊತ್ತು. ಎಷ್ಟು ಸಲ ಲೆಕ್ಕ ಹಾಕಿಲ್ಲ ನಾನು?"

"ಇನ್ನೊಬ್ಬ ಸುರುಳಿ ತರಬೇತಿಗೆ ಬರ್ತಾಳೆ."

"ಬರಲಿ."

"ಪಕ್ಕಕ್ಕೆ ಕುರ್ಚಿ ಎಳೀತೀಯಾ?"

"ನಿಲ್ಲಿಸಿಯೇ ಕಲಿಸ್ತೀನಿ."

"ಅವಳು ನಕ್ರೆ?"

"ಬೈತೀನಿ."

"ಪಾಪ, ಬೈಬೇಡ. ನೀನು ಮಾತ್ರ ನಗಬೇಡ."

ಅವನು ನಕ್ಕುಬಿಟ್ಟ, ಆ ಕಣ್ಣಂಚಿನ ನಗು, ಪೂರ್ತಿ ಅವಳದೇ. "ನೀನು ಹೋದ್ಮೇಲೆ ಇಲ್ಲಿ ಊಟ ಸೇರಲ್ಲ ನಂಗೆ. ಆದ್ರೂ ಹೇಳ್ತೀನಿ, ಒತ್ತು."

"ನನ್ನ ಕಳಿಸೋಕೆ ಅಷ್ಟು ಆತುರಾನಾ?"

"ಕಳಿಸ್ದೆ ಇಟ್ಕೊಂಡ್ರೆ ಒಂದಿನ ನನ್ನ ಮೇಲೇ ಹೊಟ್ಟೆ ಉರ್ಕೋತೀಯ. ಅದನ್ನ ನೋಡೋಕಾಗಲ್ಲ."

ಅವಳು ಅವನ ಮುಖವನ್ನು ನೋಡಿದಳು. ಆಮೇಲೆ ಗುಂಡಿ ತೋರಿಸುತ್ತಿದ್ದ ಅವನ ಬೆರಳ ಪಕ್ಕಕ್ಕೆ ತನ್ನ ಬೆರಳು ತಂದು, ತಾನೇ ಗುಂಡಿ ಒತ್ತಿದಳು. ಪರದೆಯ ಮೇಲೆ ಚಕ್ರವೊಂದು ಸುತ್ತಿತು, ಸುತ್ತಿತು, ನಿಂತಿತು. ಅರ್ಜಿ ಹೋಯಿತು.