ಹೊಲಿದ ಕಿಟಕಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಒಬ್ಬ ಮನುಷ್ಯ ದೂರು ಹಿಡಿದುಕೊಂಡು ಠಾಣೆಗೆ ಬಂದ. ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಆಗಲೇ ಅವನಿಗೆ ಅರ್ಧ ಸಿಟ್ಟು ಬಂದಿತ್ತು. ಕೊರಳಲ್ಲಿ ಮೂರು ಗುರುತಿನ ಚೀಟಿ ನೇತಾಡುತ್ತಿದ್ದವು. ಅಂತಾರಾಷ್ಟ್ರೀಯ ಕ್ರೀಡಾಕೂಟದ ಸಂಘಟನಾ ಸಮಿತಿಯಲ್ಲಿ ಅವನು ಅಲಂಕಾರ ಅಧಿಕಾರಿ. ಶನಿವಾರ ಉದ್ಘಾಟನೆ.

"ಪರದೆ ಕತ್ತರಿಸಿದ್ದಾರೆ," ಅಂದ. "ಇದು ಮೂರನೇ ಸಲ."

"ಕೂತ್ಕೊಳ್ಳಿ," ಅಂದ ಇನ್ಸ್‌ಪೆಕ್ಟರ್. "ಯಾವ ಪರದೆ?"

ಯಾವ ಪರದೆ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅತಿಥಿಗಳ ಕಾರು ಸಾಗುವ ಮುಖ್ಯರಸ್ತೆಯ ಒಂದು ಬದಿಗೆ ಹೊಸ ಸ್ಟೇಡಿಯಂ, ಇನ್ನೊಂದು ಬದಿಗೆ ಹಳೇ ಮೈದಾನದ ಬೀದಿ. ಬೀದಿಯೇನು, ಅರ್ಧ ಬೀದಿ. ಉಳಿದರ್ಧವನ್ನು ಕಾರು ನಿಲ್ಲಿಸುವ ಜಾಗಕ್ಕೆಂದು ಹೋದ ವರ್ಷ ನೆಲಸಮ ಮಾಡಿ, ಅಲ್ಲಿದ್ದವರನ್ನು ಊರಾಚೆಯ ಬಡಾವಣೆಗೆ ಸಾಗಿಸಿದ್ದರು. ಉಳಿದ ಮನೆಗಳ ಸುಣ್ಣ ಉದುರಿದ ಗೋಡೆ, ಒಣಹಾಕಿದ ಬಟ್ಟೆ ಇವೆಲ್ಲ ಪರದೇಶದವರ ಕಣ್ಣಿಗೆ ಬೀಳಬಾರದೆಂದು ರಸ್ತೆಯುದ್ದಕ್ಕೂ ಎರಡಾಳೆತ್ತರದ ಬಟ್ಟೆಯ ಪರದೆ ಕಟ್ಟಿದ್ದರು. ಅದರ ಮೇಲೆ ಸಾಲಾಗಿ ಮನೆಗಳ ಚಿತ್ರ. ನಿಜವಾದ ಮನೆಗಳನ್ನು ಮುಚ್ಚಲು ಚಿತ್ರದ ಮನೆಗಳು! ಈ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಕಾಣೆ.

"ಚಿತ್ರದಲ್ಲಿರೋ ಮನೆಯ ಕಿಟಕಿಯನ್ನೇ ಕತ್ತರಿಸಿದ್ದಾರೆ," ಅಂದ ಅಧಿಕಾರಿ. "ಮೊದಲ ಎರಡು ಸಲ ನಾವೇ ಅಂಟಿಸಿಕೊಂಡ್ವಿ. ಹೋದ ಶನಿವಾರದವರೆಗೂ ಸರಿಯಾಗಿತ್ತು. ನಿನ್ನೆ ಸಂಜೆ ಅತಿಥಿಗಳ ಕಾರು ಸಾಗೋ ತಾಲೀಮು ಇತ್ತು. ದೊಡ್ಡವರೆಲ್ಲ ಕಾರಿನಲ್ಲಿದ್ರು. ಆ ತೂತಿನಿಂದ ಒಬ್ಬ ಮುದುಕ ಅವರನ್ನ ನೋಡ್ತಾ ಇದ್ದನಂತೆ!"

"ನೋಡೋದು ಅಪರಾಧ ಅಲ್ಲ. ಕತ್ತರಿಸೋದು ಹೌದು. ಬರೆದುಕೊಡಿ."

ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಶಾಯಿ ಆರುವ ಮೊದಲೇ ಮೇಲಧಿಕಾರಿಯ ಫೋನು. ಇವತ್ತೇ ಆರೋಪಿ ಸಿಗಬೇಕು, ನಾಳೆ ಪರದೆ ತೆಗೆದು ಅದೇ ಜಾಗಕ್ಕೆ ತಗಡು ಹೊಡೆಸುತ್ತಾರೆ.

ಇನ್ಸ್‌ಪೆಕ್ಟರ್ ಹುಟ್ಟಿ ಬೆಳೆದದ್ದು ಆ ಬೀದಿಯಲ್ಲೇ. ಅವನ ಮನೆ ಈಗ ಕಾರುಗಳ ಜಾಗ. ಜೀಪಿನಲ್ಲಿ ಹೋಗುವಾಗ ಮೀಸೆ ದಫೇದಾರ ಅದೂ ಇದೂ ಹೇಳುತ್ತಲೇ ಇದ್ದ, ಇವನಿಗೆ ಅರ್ಧವೂ ಕಿವಿಗೆ ಬೀಳಲಿಲ್ಲ. ಈಗ ಸ್ಟೇಡಿಯಂ ಎದ್ದಿರುವ ಹಳೇ ಮೈದಾನಕ್ಕೆ ಆಗ ಬೇಲಿ ಅನ್ನುವುದೇ ಇರಲಿಲ್ಲ. ಶಾಲೆಗೆ, ಕೆಲಸಕ್ಕೆ, ಆಸ್ಪತ್ರೆಗೆ ಎಲ್ಲರೂ ಅದನ್ನು ಹಾದೇ ಹೋಗುತ್ತಿದ್ದರು. ಆಟದ ನಡುವೆ ಯಾರದಾದರೂ ಅಜ್ಜಿ ಅಡ್ಡ ಬಂದರೆ ಆಟ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಬಾಡಿಗೆ ಸೈಕಲ್ಲಿನಿಂದ ಬಿದ್ದು ಅವನು ಮೊಣಕಾಲು ಒಡೆದುಕೊಂಡದ್ದೂ ಅಲ್ಲೇ. ಮೈದಾನದ ಬಾಗಿಲಿಗೆಂದು ಎರಡು ಕಲ್ಲುಕಂಬ ಇದ್ದವು. ಗೇಟು ಮಾತ್ರ ಅವನು ಕಂಡಂತೆ ಯಾವತ್ತೂ ಇರಲಿಲ್ಲ. ಈಗ ಹಳೆಯದೆಂದು ಉಳಿದಿರುವುದು ಆ ಎರಡು ಕಂಬ ಮಾತ್ರ. ಅವಕ್ಕೂ ಬಣ್ಣ ಬಳಿದು ನಡುವೆ ಹೂಕುಂಡ ಇಟ್ಟಿದ್ದರು.

"ಸಾರ್, ಇದು ಕ್ಷೌರಿಕನ ಕೆಲಸವೇ," ಅಂದ ದಫೇದಾರ. "ಪರದೆ ಬಂದ ಮೇಲೆ ಅಂಗಡಿ ಯಾರಿಗೂ ಕಾಣಲ್ಲ, ಗಿರಾಕಿ ಇಲ್ಲ. ಸಿಟ್ಟೂ ಇದೆ, ಕತ್ತರಿಯೂ ಇದೆ."

ಕ್ಷೌರಿಕ ಖಾಲಿ ಕುರ್ಚಿಯಲ್ಲಿ ತಾನೇ ಕೂತು ತನ್ನ ಗಡ್ಡವನ್ನೇ ಟ್ರಿಮ್ ಮಾಡಿಕೊಳ್ಳುತ್ತಿದ್ದ.

"ಭಾನುವಾರ ಎಲ್ಲಿದ್ದೆ?"

"ಇಲ್ಲೇ."

"ಕೆಲಸ ಇತ್ತಾ?"

"ಇದ್ದಿದ್ರೆ ನನ್ನ ಗಡ್ಡ ಇಷ್ಟು ನೀಟಾಗಿರ್ತಿತ್ತಾ ಸಾರ್?"

"ಪರದೆ ಕತ್ತರಿಸಿದ್ದು ಯಾರು?"

"ನನಗೆ ಅಷ್ಟು ಧೈರ್ಯ ಇದ್ದಿದ್ರೆ ಕಿಟಕಿ ಯಾಕೆ ಮಾಡ್ತಿದ್ದೆ? ಬಾಗಿಲೇ ಮಾಡ್ತಿದ್ದೆ. ಒಂದ್ಸಲ ಆ ತೂತು ನೋಡಿ ಬನ್ನಿ. ಕತ್ತರಿಸೋದು ನನ್ನ ಕಸುಬು, ಒಪ್ತೀನಿ. ಹೊಲಿಯೋದಲ್ಲ."

ಹೊಲಿಯುವುದೇ? ಇನ್ಸ್‌ಪೆಕ್ಟರ್ ಪರದೆಯ ಹಿಂಬದಿಗೆ ಹೋದ. ಪರದೆಗೂ ಮನೆಗಳಿಗೂ ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಜಾಗ. ಚಿತ್ರದ ಕಿಟಕಿಯನ್ನು ಮೂರು ಬದಿ ಕತ್ತರಿಸಿ ಮೇಲಿನ ಬದಿ ಹಾಗೇ ಬಿಟ್ಟಿದ್ದರು. ಬಟ್ಟೆಯನ್ನು ಸುರುಳಿ ಸುತ್ತಿ ಎರಡು ಗುಂಡಿ ಹಾಕಿ ಕಟ್ಟಿತ್ತು. ಗುಂಡಿ ಬಿಚ್ಚಿದರೆ ಸುರುಳಿ ಇಳಿದು ತೂತು ಮುಚ್ಚುತ್ತಿತ್ತು. ಕತ್ತರಿಸಿದ ಅಂಚಿಗೆಲ್ಲ ಎರಡು ಮಡಿಕೆ ಹಾಕಿ, ಕೈಹೊಲಿಗೆಯಲ್ಲಿ ಒಂದೇ ಸಮನೆ ಹೊಲಿದಿತ್ತು.

ಆ ಮಡಿಕೆ ಬೇಕಾದ್ದಕ್ಕಿಂತ ಅಗಲವಾಗಿತ್ತು. ಇನ್ಸ್‌ಪೆಕ್ಟರ್ ಅದನ್ನು ಬೆರಳಿನಿಂದ ಮುಟ್ಟಿದ.

ಶಾಲೆಯ ಚಡ್ಡಿ ನೆನಪಾಯಿತು. ಈ ಬೀದಿಯ ಮಕ್ಕಳ ಚಡ್ಡಿ, ಲಂಗ ಎಲ್ಲದರ ಅಂಚಿಗೂ ಇಷ್ಟೇ ಅಗಲದ ಮಡಿಕೆ. ಹೊಲಿಯುವಾಕೆ ಬಟ್ಟೆಯನ್ನು ಒಳಗೆ ಮಡಚಿ ಬಿಡುತ್ತಿದ್ದಳು: ಬೆಳೆಯೋ ಹುಡುಗ, ಮುಂದಿನ ವರ್ಷ ಬಿಚ್ಚಿ ಇಳಿಸಿಕೊಳ್ಳಿ. ವರ್ಷಕ್ಕೊಮ್ಮೆ ಅಮ್ಮ ಆ ಮಡಿಕೆ ಬಿಚ್ಚುತ್ತಿದ್ದಳು. ಆಗ ಮಾಸಿದ ಚಡ್ಡಿಯ ಕೆಳಗೆ ಹೊಸ ಬಟ್ಟೆಯ ಕಡುನೀಲಿ ಪಟ್ಟಿ ಎದ್ದು ಕಾಣುತ್ತಿತ್ತು. ಬೇರೆ ಬೀದಿಯ ಹುಡುಗರು ನಗುತ್ತಿದ್ದರು. ಈ ಬೀದಿಯ ಹುಡುಗರು ಪಟ್ಟಿ ಲೆಕ್ಕ ಹಾಕಿ ಯಾರು ಎಷ್ಟು ಬೆಳೆದರೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು.

"ಏನ್ ಸಾರ್, ಸುಳಿವು ಸಿಕ್ತಾ?" ದಫೇದಾರ ಇಣುಕಿದ.

"ಕಾವಲುಗಾರನನ್ನ ಕರಿ."

ಸಮಿತಿಯ ಕಾವಲುಗಾರ ಟೋಪಿ ಸರಿ ಮಾಡಿಕೊಳ್ಳುತ್ತ ಬಂದ.

"ಭಾನುವಾರ ಇಲ್ಲಿಗೆ ಯಾರು ಬಂದಿದ್ರು?"

"ಒಂದು ನರಪಿಳ್ಳೆಯೂ ಬಂದಿಲ್ಲ ಸಾರ್. ರಿಪೇರಿ ಅಮ್ಮ ಬಿಟ್ರೆ."

"ಯಾವ ರಿಪೇರಿ ಅಮ್ಮ?"

"ಪರದೆ ಹೊಲಿಯೋಕೆ ಬಂದಿದ್ರಲ್ಲ. ಮಧ್ಯಾಹ್ನವೆಲ್ಲ ಸ್ಟೂಲ್ ಮೇಲೆ ನಿಂತು ಹೊಲಿದ್ರು. ವಯಸ್ಸಾದವರು, ಬಿದ್ದುಗಿದ್ದಾರು ಅಂತ ನಾನೇ ಸ್ಟೂಲ್ ಹಿಡ್ಕೊಂಡಿದ್ದೆ."

"ಅವರನ್ನ ಕಳಿಸಿದ್ದು ಯಾರು?"

"ಸಮಿತಿಯವರೇ ಇರಬೇಕು." ಕಾವಲುಗಾರನ ಮುಖ ನಿಧಾನಕ್ಕೆ ಬಿಳಿಚಿಕೊಂಡಿತು. "ಅಲ್ವಾ ಸಾರ್? ಹರಿಯೋರು ಹೊಲೀತಾರಾ?"

ದಫೇದಾರ ಮೀಸೆಯಲ್ಲೇ ನಕ್ಕ. ಇನ್ಸ್‌ಪೆಕ್ಟರ್‌ಗೆ ನಗು ಬರಲಿಲ್ಲ. ಇನ್ನು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಹಾಳು ಕೆಲಸ ಅನ್ನಿಸಿತು ಅವನಿಗೆ. ಕಳ್ಳ ಸಿಕ್ಕಾಗ ಆಗುವ ಖುಷಿ ಇವತ್ತು ಎಲ್ಲೂ ಕಾಣಲಿಲ್ಲ.

ತೂತಿಗೆ ನೇರ ಎದುರಿದ್ದ ಮನೆಯ ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಅದೇ ಹೊಲಿಗೆ ಯಂತ್ರ, ಗಾಲಿಯ ಮೇಲಿನ ಚಿನ್ನದ ಬಣ್ಣ ಮಾತ್ರ ಪೂರಾ ಅಳಿಸಿಹೋಗಿತ್ತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಮುದುಕರೊಬ್ಬರು ತೂಕಡಿಸುತ್ತಿದ್ದರು. ಯಂತ್ರದ ಮುಂದಿದ್ದ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು. ಬೀದಿಗೆಲ್ಲ ಅವಳು ಟೈಲರ್ ಅತ್ತೆ, ಅವಳ ಗಂಡ ಮಾವ.

"ಗುಂಡ ಅಲ್ವೇನೋ?" ಅಂದಳು. ಸಮವಸ್ತ್ರದ ಮೇಲೆ ಕಣ್ಣಾಡಿಸಿ, "ಸಾಹೇಬ್ರೇ ಅನ್ಬೇಕೇನೋ ಈಗ," ಅಂದಳು.

"ಗುಂಡ ಅಂತಲೇ ಕರೀರಿ ಅತ್ತೆ." ಅವನು ಟೋಪಿ ತೆಗೆದ. "ಪರದೆ ಕತ್ತರಿಸಿದ್ದು ನೀವಾ?"

"ಹೂಂ."

"ಮೂರು ಸಲಾನೂ?"

"ಮೊದಲೆರಡು ಸಲ ಬರೀ ಕತ್ತರಿಸಿದ್ದು. ಅವರು ಬಂದು ಗೋಂದು ಹಚ್ಚಿ ಅಂಟಿಸ್ತಾರೆ, ಗಲೀಜು. ಅದಕ್ಕೆ ಈ ಸಲ ಇಳಿಬಿಡೋ ಹಾಗೆ ಮಾಡ್ದೆ. ಕಾರು ಬರೋ ಸೈರನ್ ಕೇಳಿದ್ರೆ ಗುಂಡಿ ಬಿಚ್ಚಿದ್ರಾಯ್ತು, ಯಾರಿಗೂ ಗೊತ್ತಾಗಲ್ಲ. ನಿನ್ನೆ ಸರಿಯಾಗಿ ಐದು ಗಂಟೆಗೇ ಬಂದುಬಿಟ್ರು. ಇವರು ಕಿಟಕಿ ಮುಚ್ಚೋಕೆ ಬಿಡ್ಲಿಲ್ಲ, ನನ್ನ ಕೈ ಹಿಡ್ಕೊಂಡುಬಿಟ್ರು."

"ಅಂಚು ಯಾಕೆ ಹೊಲಿದ್ರಿ ಅತ್ತೆ? ಹೊಲೀದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

ಅವಳು ಅವನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು. "ಕತ್ತರಿಸಿದ ಬಟ್ಟೇನ ಹಾಗೇ ಬಿಡೋಕಾಗುತ್ತೇನೋ? ದಾರ ಎದ್ದು ಬರಲ್ವಾ?"

ಅವನು ಬಾಗಿಲಿನಾಚೆಯ ತೂತಿನತ್ತ ತಿರುಗಿ ನೋಡಿದ. ಆಮೇಲೆ, "ಯಾತಕ್ಕೆ ಬೇಕಿತ್ತು ಈ ಕಿಟಕಿ?" ಎಂದು ಕೇಳಿದ.

ಅವಳು ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. ಮಾವನಿಗೆ ಎರಡು ವರ್ಷದಿಂದ ಮರೆವು. ಕಾಯಿಲೆಯ ಮರೆವು. ಮಗಳು ಮೂರು ಮನೆಯಾಚೆ ಇದ್ದಳು. ದಿನಾ ಸಂಜೆ ಐದಕ್ಕೆ ಕೆಲಸ ಮುಗಿಸಿ ಮೈದಾನ ಹಾದು, ಆ ಕಂಬಗಳ ನಡುವೆ ಬಂದು ಅಪ್ಪನಿಗೆ ಮುಖ ತೋರಿಸಿ ಹೋಗುತ್ತಿದ್ದಳು. ಈಗ ಅವಳ ಮನೆ ಊರಾಚೆ. ಎರಡು ಬಸ್ಸು ಹಿಡಿಯಬೇಕು, ಆ ಬಸ್ಸುಗಳೂ ಕ್ರೀಡಾಕೂಟಕ್ಕೆಂದು ದಾರಿ ಬದಲಿಸಿವೆ. ಭಾನುವಾರ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾವನ ತಲೆಯಲ್ಲಿ ಮಾತ್ರ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ.

"ಕಂಬ ಕಂಡ್ರೆ ಸಾಕು, ಕೂತಿರ್ತಾರೆ. ಅಗೋ, ಗೆಳತೀರ ಜೊತೆ ಮಾತಾಡ್ತಾ ನಿಂತಿದ್ದಾಳೆ, ಬರ್ತಾಳೆ ಅಂತಾರೆ. ನಾನು ತುತ್ತಿಟ್ರೆ ತಿಂತಾರೆ. ಪರದೆ ಕಟ್ಟಿದ ದಿನ ಏನೂ ಕಾಣಿಸ್ಲಿಲ್ಲ. ಮಗು ಇನ್ನೂ ಬಂದಿಲ್ಲ, ಕತ್ತಲಾಯ್ತು ಅಂತ ಓಡಿದ್ರು ಕಣೋ. ಚಪ್ಪಲಿನೂ ಇಲ್ಲ. ಪರದೆ ಕೊನೇಲಿ ತಿರುಗಿ ರಸ್ತೆ ಮಧ್ಯಕ್ಕೆ. ಲಾರಿಯವನು ಬ್ರೇಕ್ ಹಾಕಿದ, ಬದುಕಿದ್ರು. ಮಾರನೇ ದಿನವೂ ಓಡಿದ್ರು. ನನಗೂ ವಯಸ್ಸಾಯ್ತು, ಎಷ್ಟು ಅಂತ ಹಿಂದೆ ಓಡ್ಲಿ? ಸಮಿತಿಯವರ ಹತ್ರ ಹೋಗಿ ಕೈ ಮುಗಿದೆ. ಕ್ರೀಡಾಕೂಟ ಮುಗೀಲಿ ಅಂದ್ರು."

ಇನ್ಸ್‌ಪೆಕ್ಟರ್ ಮುದುಕರ ಪಾದ ನೋಡಿದ. ಹಿಮ್ಮಡಿಗೆ ಪಟ್ಟಿ ಕಟ್ಟಿತ್ತು. ನಾಳೆ ತಗಡು ಹೊಡೆದರೆ ಸಂಜೆ ಮತ್ತೆ ಓಡುತ್ತಾರೆ. ಎಲ್ಲ ಲಾರಿಯವರೂ ಬ್ರೇಕ್ ಹಾಕುತ್ತಾರೆ ಅನ್ನುವ ಖಾತ್ರಿ ಏನು?

"ನಿಮ್ಮನ್ನ ಬಂಧಿಸಬೇಕಾಗುತ್ತೆ ಅತ್ತೆ."

"ಮಾಡಪ್ಪ. ತಪ್ಪು ಮಾಡಿದ್ದು ಹೌದಲ್ಲ." ಅವಳು ಯಂತ್ರದಿಂದ ಬಟ್ಟೆ ತೆಗೆದು ಮಡಚಿದಳು. "ಐದು ಗಂಟೆಯೊಳಗೆ ಬಿಡ್ತೀರಾ? ಇವರ ಹತ್ರ ಯಾರೂ ಇಲ್ಲ."

ಪಂಚನಾಮೆಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಬೀದಿಯವರು ಯಾರೂ ಸಹಿ ಹಾಕಲು ಒಪ್ಪಲಿಲ್ಲ. ಒಬ್ಬನಿಗೆ ಏಕಾಏಕಿ ಕಣ್ಣು ಕಾಣಿಸದಾಯಿತು, ಇನ್ನೊಬ್ಬನಿಗೆ ಕೈ ಉಳುಕಿತು. ಕೊನೆಗೆ ಸ್ಟೇಡಿಯಂ ಕಡೆಯಿಂದ ಹೂಕುಂಡಕ್ಕೆ ನೀರು ಹಾಕುವ ಇಬ್ಬರನ್ನು ಕರೆತಂದರು.

ಇನ್ಸ್‌ಪೆಕ್ಟರ್ ಹೇಳುತ್ತ ಹೋದ, ದಫೇದಾರ ಬರೆಯುತ್ತ ಹೋದ. ಕೊನೆಗೆ ಬಂದಾಗ ಇನ್ಸ್‌ಪೆಕ್ಟರ್ ಅಂದ: "ಕತ್ತರಿಸಿದ ಬಟ್ಟೆಯನ್ನು ಸಾಕ್ಷ್ಯವಾಗಿ ಜಪ್ತಿ ಮಾಡಲಾಯಿತು. ಕ್ಷೌರಿಕನ ಹತ್ತಿರ ಕತ್ತರಿ ಇಸ್ಕೊಂಡು ಬಾ, ಮೇಲಿನ ಬದಿಯನ್ನೂ ಬಿಡಿಸಿ ಸೀಲ್ ಮಾಡು."

"ಸಾರ್, ಅದನ್ನ ತೆಗೆದ್ರೆ ಕಿಟಕಿ ಮುಚ್ಚೋದು ಹೇಗೆ?"

"ಸಾಕ್ಷ್ಯ ಬಿಟ್ಟು ಹೋಗೋಕಾಗುತ್ತೇನಯ್ಯ? ಇನ್ನೂ ಒಂದು ಬರಿ. ಸಮಿತಿಯವರಿಗೆ ನೋಟಿಸು. ತನಿಖೆ ಮುಗಿಯುವವರೆಗೆ ಕೃತ್ಯ ನಡೆದ ಸ್ಥಳವನ್ನು ಯಾರೂ ಮುಟ್ಟತಕ್ಕದ್ದಲ್ಲ. ತೇಪೆ ಹಾಕತಕ್ಕದ್ದಲ್ಲ, ತಗಡು ಹೊಡೆಯತಕ್ಕದ್ದಲ್ಲ."

ದಫೇದಾರ ಪೆನ್ನು ನಿಲ್ಲಿಸಿ ಮುಖ ನೋಡಿದ. "ತನಿಖೆ ಯಾವಾಗ ಮುಗಿಯುತ್ತೆ ಸಾರ್?"

"ಕ್ರೀಡಾಕೂಟ ಮುಗಿಯೋ ಹೊತ್ತಿಗೆ ಮುಗೀಬಹುದು."

"ಮೇಲಿನವರು ಬಾಯಿಗೆ ಬಂದ ಹಾಗೆ ಬೈತಾರೆ ಸಾರ್."

"ಬೈಸ್ಕೊಳ್ಳೋನು ನಾನು. ನೀನು ಬರಿ."

ಮೀಸೆ ದಫೇದಾರ ಉಳಿದದ್ದನ್ನು ಬಹಳ ಚೆಂದದ ಅಕ್ಷರದಲ್ಲಿ ಬರೆದ.

ಮೂರು ಗಂಟೆಗೆ ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ, ಆದರೂ ಠಾಣೆಗೆ ಹೋಗಿ ಸಹಿ ಹಾಕಲೇಬೇಕಿತ್ತು. ಮಹಿಳಾ ಪೇದೆ ಟೈಲರ್ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡಳು. ಜಾಮೀನಿಗೆ ನಿಲ್ಲಲು ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಹೊರಟ. "ಹೇಗಿದ್ರೂ ಗಿರಾಕಿ ಇಲ್ಲ" ಅಂದ. ಆಟೋ ಹತ್ತುವಾಗ ಅತ್ತೆ ತಿರುಗಿ ಇನ್ಸ್‌ಪೆಕ್ಟರ್‌ನ ಕಾಲು ನೋಡಿದಳು.

"ಪ್ಯಾಂಟಿನ ಅಂಚು ಬಿಟ್ಟಿದೆಯಲ್ಲೋ. ನೋಡೋರು ಯಾರೂ ಇಲ್ವಾ?"

ಇರಲಿಲ್ಲ. ನೋಡುತ್ತಿದ್ದ ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಅವನು ಜೀಪಿನ ಚಾಲಕನನ್ನು ಕರೆದು ಊರಾಚೆಯ ಬಡಾವಣೆಯ ವಿಳಾಸ ಹೇಳಿದ. "ಆರೋಪಿಯ ಮಗಳ ಹೇಳಿಕೆ ಬೇಕು. ಕರ್ಕೊಂಡು ಬಾ. ಅತಿಥಿಗಳ ರಸ್ತೆಯಲ್ಲೇ ಬಾ, ಪೊಲೀಸ್ ಜೀಪಿಗೆ ಅಡ್ಡಿ ಇಲ್ಲ. ಸ್ಟೇಡಿಯಂ ಒಳಗಿಂದ ಬಂದು ಕಂಬದ ಹತ್ತಿರ ಇಳಿಸು."

ಆಮೇಲೆ ಅವನೇ ಬೆತ್ತದ ಕುರ್ಚಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತ.

ಐದು ಸಮೀಪಿಸಿದಂತೆ ಮಾವ ಎಚ್ಚರಗೊಂಡರು. ಬೆರಳುಗಳು ಕುರ್ಚಿಯ ತೋಳನ್ನು ತಡಕಾಡತೊಡಗಿದವು. ಅವರು ಕಿಟಕಿಯಾಚೆ, ಪರದೆಯ ತೂತಿನಾಚೆ, ರಸ್ತೆಯಾಚೆ ದಿಟ್ಟಿಸಿದರು. ಇನ್ಸ್‌ಪೆಕ್ಟರೂ ದಿಟ್ಟಿಸಿದ. ಇಲ್ಲಿಂದ ನೋಡಿದರೆ ಸ್ಟೇಡಿಯಂ ಕಾಣುತ್ತಿರಲಿಲ್ಲ. ಬಾವುಟಗಳೂ ಇಲ್ಲ. ಎರಡು ಕಂಬ, ನಡುವೆ ಒಂದು ತುಂಡು ಆಕಾಶ. ಎಲ್ಲ ಹಾಗೇ ಇದೆ ಅನ್ನಿಸುವಂತಿತ್ತು. ಈಗ ಸೈಕಲ್ ಗಂಟೆ ಕೇಳಿಸಬೇಕು, ಅಮ್ಮ ಬಾಗಿಲಲ್ಲಿ ನಿಂತು ಕೂಗಬೇಕು ಅನ್ನಿಸಿತು.

"ಇನ್ನೂ ಬಂದಿಲ್ಲ," ಅಂದರು ಮಾವ.

"ಬರ್ತಾಳೆ ಮಾವ."

ಕಂಬಗಳ ಆಚೆ ಜೀಪು ನಿಂತಿತು. ಕೈಚೀಲ ಹಿಡಿದ, ನಡುವಯಸ್ಸಿನ ಹೆಂಗಸೊಬ್ಬಳು ಇಳಿದು, ಹೂಕುಂಡವನ್ನು ಬಳಸಿ, ಕಂಬಗಳ ನಡುವೆ ನಿಂತಳು. ತೂತು ಕಂಡಿರಬೇಕು, ಕೈಯೆತ್ತಿ ಬೀಸಿದಳು.

"ಬಂದ್ಲು!" ಮಾವನ ಬೆರಳು ಸುಮ್ಮನಾದವು. ಮುಖ ಅರಳಿತು. ನಂತರ ಅವರು ಪಕ್ಕಕ್ಕೆ ತಿರುಗಿ, ಸ್ಟೂಲಿನ ಮೇಲೆ ಕೂತಿದ್ದ ಐವತ್ತು ದಾಟಿದ ಮನುಷ್ಯನನ್ನು ಮೊದಲ ಸಲ ನೋಡುವಂತೆ ನೋಡಿದರು.

"ನೀನು ಗುಂಡ ಅಲ್ವಾ? ಆಡಿದ್ದು ಸಾಕು, ಎದ್ದು ಮನೆಗೆ ಹೋಗು. ನಿಮ್ಮಮ್ಮ ಕಾಯ್ತಿರ್ತಾಳೆ."

ಇನ್ಸ್‌ಪೆಕ್ಟರ್ ಮಡಿಲಲ್ಲಿದ್ದ ಕೇಸಿನ ಕಾಗದದ ಮೇಲೆ ಬಗ್ಗಿದ. ಅಪರಾಧಕ್ಕೆ ಕಾರಣ ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದ. ಅಲ್ಲಿ ಬರೆದ: ಸಂಜೆ ಮಗಳು ಮನೆಗೆ ಬರುವುದು ತಂದೆಗೆ ಕಾಣುತ್ತಿರಲಿಲ್ಲ.

ಮನೆಯಲ್ಲಿ ಅವನಿಗಾಗಿ ಕಾಯುವವರು ಯಾರೂ ಇರಲಿಲ್ಲ. ಆದರೂ ಮಗಳು ಬಾಗಿಲಿಗೆ ಬಂದದ್ದೇ ಟೋಪಿ ಎತ್ತಿಕೊಂಡು, "ಹೊರಟೆ ಮಾವ," ಎಂದು ಎದ್ದ.