ಇಪ್ಪತ್ತು ಅಕ್ಷರದ ಬೀಗ

"ಮೇಡಂ, ನಿಮ್ಮ ಲೆಕ್ಕ ಸುಳ್ಳು!"

ನ್ಯಾಮತಿ ಕಾಲೇಜಿನಲ್ಲಿ ಊರವರಿಗೆಂದು ಕರೆದ ಸಭೆಯಲ್ಲಿ ಎಲ್ಲರೂ ಹಿಂದಕ್ಕೆ ತಿರುಗಿದರು. ಕಂಪ್ಯೂಟರ್ ಪಾಠ ಹೇಳುವ ಉಷಾರಾಣಿಯ ಕೆನ್ನೆ ಉರಿಯಿತು. ಜನರ ಫೋನ್ ಮಾತು, ಮೆಸೇಜುಗಳನ್ನೆಲ್ಲ ಸರ್ಕಾರಗಳು ಕೂಡಿಡುವ ಡೇಟಾ ಸೆಂಟರಿನಲ್ಲಿ ಎಷ್ಟು ಹಿಡಿಸಬಹುದೆಂದು, ಕಟ್ಟಡದ ಉದ್ದಗಲ ನೋಡಿ ಆಕೆ ಆಗಷ್ಟೇ ಅಂದಾಜು ಹೇಳಿದ್ದಳು.

ಎದ್ದು ನಿಂತವನು ಸವಳಂಗದ ಮೆಕ್ಕೆಜೋಳದ ಗೋದಾಮು ನೋಡಿಕೊಳ್ಳುವ ಪರಶುರಾಮ್.

"ಗೋಡೆಯಿಂದ ಗೋಡೆಗೆ ತುಂಬಿಬಿಟ್ರಲ್ರಿ! ಗಾಳಿ ಆಡಾಕೆ, ಮನುಷ್ಯ ಓಡಾಡಾಕೆ ಜಾಗ ಬ್ಯಾಡ್ವಾ? ಬಿಸಿ ಹತ್ತಿದ್ರೆ ನಮ್ ಜೋಳನೇ ಕೆಡತೈತೆ, ನಿಮ್ ಮಿಷಿನ್ ಉಳಿತಾವಾ?"

ಎಲ್ಲರೂ ನಕ್ಕರು. ಅವಮಾನ! ಆದರೆ... ಅವನು ಹೇಳಿದ್ದು ನಿಜವಾಗಿತ್ತು.

ಮರುವಾರ ಆಕೆಯೇ ಗೋದಾಮಿಗೆ ಹೋದಳು. ಆಮೇಲೆ ಪ್ರತಿ ಶನಿವಾರ. ಗಾಳಿಗೆ, ಓಡಾಟಕ್ಕೆ ಬಿಟ್ಟ ಜಾಗಕ್ಕೆ ಅವನು ಟೇಪು ಹಿಡಿದರೆ ಆಕೆ ಬರೆದುಕೊಳ್ಳುತ್ತಿದ್ದಳು. ಡೇಟಾ ಸೆಂಟರಿನ ಅಂದಾಜು ಅರ್ಧಕ್ಕಿಳಿಯಿತು. ಉಷಾಳ ಸಿಟ್ಟು ಪೂರ್ತಿ ಇಳಿಯಿತು.

"ಅಂಥ ಮಿಷಿನ್ ಎಂಥ ಬೀಗನಾದ್ರೂ ಒಡೀತಾವಾ?" ಒಮ್ಮೆ ಕೇಳಿದ.

"ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಆದ್ರೆ ಕೋಟಿಗಟ್ಟಲೆ ವರ್ಷ ಹಿಡಿತೈತೆ. ಇಟ್ಟೋರನ್ನ ಕೇಳೋದೇ ಸುಲಭ!"

ಮರುದಿನವೇ ಅವನಿಂದ ಬೀಗ ಹಾಕಿದ ಫೈಲ್ ಬಂತು. 'ಇಪ್ಪತ್ತು ಅಕ್ಷರ. ಮುಂದಿನ ಭಾನುವಾರದೊಳಗೆ ತೆಗೀರಿ, ಮೇಡಂ.'

'ನನಗೇ ಪರೀಕ್ಷೆನಾ!' ಊರು, ಹೆಸರು, ಗೋದಾಮಿನ ನಂಬರು... ಏನು ಹಾಕಿದರೂ ತೆರೆಯಲಿಲ್ಲ. ಹಠಕ್ಕೆ ಬಿದ್ದು ಶನಿವಾರ ಗೋದಾಮಿಗೂ ಹೋಗಲಿಲ್ಲ.

ಸಂಜೆ ಗೋದಾಮಿನ ಹಮಾಲಿ ಅಂಜಿನಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. "ನಾಳೆ ಪರಶಣ್ಣ ಉಬ್ರಾಣಿಗೆ ಹೆಣ್ಣು ನೋಡಾಕೆ ಹೊಂಟಾನೆ ಕಣಕ್ಕ!"

ಉಷಾ ನೇರ ಮನೆಗೆ ಬಂದಳು. 'ಹಾಗಾದರೆ ಫೈಲಿನಲ್ಲಿರುವುದು ಮದುವೆ ಸುದ್ದಿಯಾ? ನನ್ನನ್ನು ಆಟ ಆಡಿಸಿದನಾ?' ಅತ್ತಳು. ಬೆಳಗ್ಗೆ ತನ್ನದೇ ಮಾತು ನೆನಪಾಯಿತು. ಇಟ್ಟೋರನ್ನ ಕೇಳೋದೇ ಸುಲಭ... ಥೂ, ನನ್ನ ಬುದ್ಧಿಗಿಷ್ಟು!

ಸ್ಕೂಟಿ ಸವಳಂಗ ಮುಟ್ಟಿದಾಗ ಪರಶುರಾಮ್ ಹೊಸ ಅಂಗಿ ತೊಟ್ಟು, ಮುಖ ಸಪ್ಪೆ ಮಾಡಿಕೊಂಡು ಗೋದಾಮಿನ ಬಾಗಿಲಲ್ಲಿ ಕೂತಿದ್ದ. ಬಾಡಿಗೆ ಕಾರಿನಿಂದ ಅವನ ಅವ್ವ ಲಕ್ಷ್ಮಿದೇವಿ ಕೂಗುತ್ತಿದ್ದಳು. "ಏಳಲೋ, ಹೊತ್ತಾತು!"

"ಪಾಸ್‌ವರ್ಡ್ ಏನ್ರಿ?" ಉಷಾ ಏದುಸಿರು ಬಿಟ್ಟಳು.

ಅವನ ಮುಖ ಅರಳಿತು. "ಕೇಳಾಕೆ ಒಂದು ವಾರ ಬೇಕಾಯ್ತಾ? 'ಶನಿವಾರ ಒಂದೇ ಸಾಲಲ್ಲ.' ಇಂಗ್ಲಿಷ್ ಅಕ್ಷರದಾಗೆ, ಕೂಡಿಸಿ ಒತ್ರಿ. ಬಾಯಿಬಿಟ್ಟು ಹೇಳಾಕೆ ಭಯ ಆತು..."

ಫೈಲ್ ತೆರೆಯಿತು. ಟೇಪು ಹಿಡಿದು ಬರೆದ ಮನೆಯ ನಕ್ಷೆ! ಒಂದೊಂದು ಜಾಗದ ಮೇಲೂ ಅವನ ಬರಹ. 'ಉಷಾ ಅವರ ಪುಸ್ತಕಕ್ಕೆ.' 'ಗಾಳಿ ಆಡಾಕೆ.' 'ಉಷಾ ಅವರಿಗೆ ಸಿಟ್ಟು ಬಂದಾಗ ಓಡಾಡಾಕೆ.'

ಆಕೆಯ ಕಣ್ಣು ತುಂಬಿತು.

"ಉಬ್ರಾಣಿಗೆ ಹೋಗಾದೋ ಬ್ಯಾಡ್ವೋ?" ಲಕ್ಷ್ಮಿದೇವಿ ಗದರಿದಳು.

"ಬ್ಯಾಡ ಅತ್ತೆ!" ಅಂದವಳು ಉಷಾ.

ಲಕ್ಷ್ಮಿದೇವಿ ಕಾರಿನಿಂದಿಳಿದು ನಕ್ಕುಬಿಟ್ಟಳು.

"ಆದ್ರೂ ನಿಮ್ಮ ಲೆಕ್ಕ ಸುಳ್ಳು," ಉಷಾ ಮೆಲ್ಲಗೆ ಹೇಳಿದಳು.

"ಎಲ್ಲಿ?"

"ಸಿಟ್ಟಿಗೆ ಇಷ್ಟು ಜಾಗ ಯಾಕ್ರಿ? ಒಂದು ತೊಟ್ಟಿಲಿಗೂ ಬಿಡ್ರಿ!"