ಬುಸ್ಸಪ್ಪ, ಅಕ್ಕ ಮತ್ತು ಸೋಯಾ ಹಾಲು

“ಮತ್ತೆ ಒಡೀತು ನೋಡು!” ಅಕ್ಕ ಕಪ್ಪನ್ನು ಪಿಟೀಲಿನ ಮೂಗಿನ ಹತ್ತಿರಕ್ಕೇ ತಂದಳು.

ಪಿಟೀಲು ಬಗ್ಗಿ ನೋಡಿದಳು. ಕಾಫಿಯ ಮೇಲೆ ಬಿಳಿ ಬಿಳಿ ಚೂರುಗಳು ತೇಲುತ್ತಿದ್ದವು. ರಬ್ಬರಿನಿಂದ ಉಜ್ಜಿದಾಗ ನೋಟ್‌ಬುಕ್ಕಿನ ಮೇಲೆ ಪುಡಿ ಬೀಳುತ್ತದಲ್ಲ, ಥೇಟ್ ಹಾಗೆ.

“ಒಂದು ಗುಟುಕು ಕುಡಿದು ಹೇಳ್ತೀಯಾ?”

“ನಂಗೆ ಬೇಡಪ್ಪಾ! ನಿನ್ನೆ ಕುಡಿದಿದ್ದಕ್ಕೇ ರಾತ್ರಿಯೆಲ್ಲ ಹೊಟ್ಟೆ ಗುಡುಗುಡು ಅಂತಿತ್ತು.”

“ಹೆಸರಿಗೆ ಮಾತ್ರ ಅಸಿಸ್ಟೆಂಟು ನೀನು,” ಎಂದು ಅಕ್ಕ ಕಾಫಿಯನ್ನು ಸಿಂಕಿಗೆ ಸುರಿದಳು.

ಪಿಟೀಲು ಎಂಬುದು ಅವಳ ನಿಜವಾದ ಹೆಸರಲ್ಲ. ಏನಾದರೂ ಬೇಕೆಂದರೆ ಸಿಗುವ ತನಕ ಒಂದೇ ರಾಗ ಕುಯ್ಯುತ್ತಾಳೆಂದು ಅಕ್ಕ ಇಟ್ಟ ಹೆಸರು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದೆ. ಮನೆಯಲ್ಲಿ ಆ ಹೆಸರು ಹಿಡಿದು ಕರೆದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದೇ ಅರ್ಥ.

ಅಡುಗೆಮನೆಯ ಕಟ್ಟೆಯ ಮೇಲೆ ಬುಸ್ಸಪ್ಪ ಕೂತಿದ್ದ. ಬುಸ್ಸಪ್ಪ ಅಂದರೆ ಹಳೆಯ ಕಾಫಿ ಮಷೀನು. ಚಿಕ್ಕಪ್ಪ ಹೊಸದು ಕೊಂಡಾಗ ಇದನ್ನು ಇವರ ಮನೆಗೆ ದಾಟಿಸಿದ್ದರು. ಅದರ ಪಕ್ಕದಲ್ಲಿ ಆನೆಮರಿಯ ಸೊಂಡಿಲಿನಂಥ ಒಂದು ಕೊಳವೆ. ತಿರುಪು ತಿರುಗಿಸಿದರೆ ಸಾಕು, ಅದರಿಂದ ಬುಸ್ ಎಂದು ಹಬೆ ನುಗ್ಗುತ್ತಿತ್ತು. ಹಬೆ ತಾಗಿದರೆ ಬೊಬ್ಬೆ ಬರುವುದು ಖಂಡಿತ. ಆದ್ದರಿಂದ ತಿರುಪು ಮುಟ್ಟುವ ಅಧಿಕಾರ ಅಕ್ಕನಿಗೆ ಮಾತ್ರ.

ಇಷ್ಟೆಲ್ಲ ಗಲಾಟೆ ಶುರುವಾದದ್ದು ಬೀದಿಯ ಮೂಲೆಯಲ್ಲಿರುವ ಕಾಫಿ ಅಂಗಡಿಯಿಂದ. ಅಲ್ಲಿಗೆ ಒಬ್ಬರು ಬೇಕಾಗಿದ್ದರು. ಅಕ್ಕ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದಳು. ‘ಹೇಳಿ ಕಳಿಸ್ತೀವಿ’ ಅಂದವರು ಯಾರೂ ಇದುವರೆಗೆ ಹೇಳಿ ಕಳಿಸಿರಲಿಲ್ಲ. ಕಾಫಿ ಅಂಗಡಿಯ ಯಜಮಾನಿ ಮಾತ್ರ ನೇರವಾಗಿ ಮಾತಾಡಿದ್ದರು.

“ಹಸುವಿನ ಹಾಲಲ್ಲಿ ನೊರೆ ಯಾರು ಬೇಕಾದ್ರೂ ಎಬ್ಬಿಸ್ತಾರಮ್ಮ. ನಮ್ಮಲ್ಲಿ ಸೋಯಾ ಹಾಲು ಕೇಳೋರೇ ಜಾಸ್ತಿ. ಅದು ಬಲು ಹಟಮಾರಿ. ಸ್ವಲ್ಪ ಬಿಸಿ ಹೆಚ್ಚಾದ್ರೂ ಕಾಫಿಗೆ ಬಿದ್ದ ತಕ್ಷಣ ಒಡೆದು ಕೂತ್ಕೊಳ್ಳುತ್ತೆ. ಶುಕ್ರವಾರ ಬಂದು ಮಾಡಿ ತೋರಿಸು. ನೊರೆ ನುಣ್ಣಗೆ ಬಂದ್ರೆ ಕೆಲಸ ನಿಂದೇ.”

ಹೇಗೆ ಮಾಡಬೇಕೆಂದೂ ಅವರೇ ಹೇಳಿಕೊಟ್ಟಿದ್ದರು. ಮೊದಲು ಕೊಳವೆಯ ತುದಿ ಹಾಲಿನ ಮೇಲ್ಮೈಗೆ ತಾಗಿದಂತಿರಬೇಕು. ಆಗ ಕಾಗದ ಹರಿದ ಹಾಗೆ ಚರ್ ಚರ್ ಎನ್ನುತ್ತ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ತುದಿಯನ್ನು ಸ್ವಲ್ಪ ಕೆಳಗಿಳಿಸಿ, ಜಗ್ಗನ್ನು ವಾರೆ ಮಾಡಿ, ಹಾಲು ಗಿರಗಿರ ಸುತ್ತುವಂತೆ ಹಿಡಿಯಬೇಕು. ಸುತ್ತಿ ಸುತ್ತಿ ದೊಡ್ಡ ಗುಳ್ಳೆಗಳೆಲ್ಲ ಪುಡಿಯಾಗುತ್ತವೆ. ಜಗ್ಗಿನ ಬಿಸಿ ಅಂಗೈಗೆ ತಡೆಯದಂತಾದಾಗ ಹಬೆ ನಿಲ್ಲಿಸಬೇಕು.

ಕೇಳಲು ಸುಲಭ. ಆದರೆ ಅಕ್ಕನ ಹಾಲು ಸರಿಯಾಗಿ ಸುತ್ತಲು ಶುರುಮಾಡುವಷ್ಟರಲ್ಲೇ ಜಗ್ಗು ಸುಡುತ್ತಿತ್ತು. ಅಲ್ಲಿಗೇ ನಿಲ್ಲಿಸಿದರೆ ಸೋಪಿನ ನೊರೆಯಂಥ ಗುಳ್ಳೆ. ಇನ್ನೂ ಸ್ವಲ್ಪ ಸುತ್ತಲಿ ಎಂದು ಬಿಟ್ಟರೆ ಹಾಲು ಒಡೆಯುತ್ತಿತ್ತು.

“ಅತ್ತ ದರಿ, ಇತ್ತ ಪುಲಿ,” ಎಂದು ಅಕ್ಕ ಹಣೆ ಒರೆಸಿಕೊಂಡಳು.

ಅಸಿಸ್ಟೆಂಟಿನ ಕೆಲಸವನ್ನು ಪಿಟೀಲು ಚಾಚೂ ತಪ್ಪದೆ ಮಾಡುತ್ತಿದ್ದಳು. ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು, ಕಪ್ಪು ತೊಳೆದು, ಜಗ್ಗು ಒರೆಸಿ, ಫ್ರಿಜ್ಜಿನಿಂದ ಸೋಯಾ ಹಾಲಿನ ಪ್ಯಾಕೆಟ್ ತೆಗೆದು ಮೇಜಿನ ಮೇಲೆ ಇಡುವಳು. ಆ ಮನೆಯಲ್ಲಿ ಎಲ್ಲವೂ ಹಾಗೆಯೇ. ಪಿಟೀಲಿಗೆ ತಣ್ಣಗಿನದು ತಾಗಿದರೆ ಗಂಟಲು ಊದಿಕೊಳ್ಳುತ್ತಿತ್ತು. ಅದಕ್ಕೇ ನೀರಿರಲಿ, ಜ್ಯೂಸಿರಲಿ, ಹಣ್ಣಿರಲಿ, ಫ್ರಿಜ್ಜಿನಿಂದ ಬಂದದ್ದು ಮೊದಲು ಮೇಜಿನ ಮೇಲೆ ಕೂತು ಚಳಿ ಬಿಡಬೇಕು. ಇದು ಅಮ್ಮನ ಕಾನೂನು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅವಳ ಕಾನೂನಿಗೆ ಎದುರಿಲ್ಲ.

ಅಕ್ಕ ಬಟ್ಟೆ ಮಡಚಿ, ಅಡುಗೆಗೆ ತರಕಾರಿ ಹೆಚ್ಚಿಟ್ಟು ಬುಸ್ಸಪ್ಪನ ಮುಂದೆ ನಿಲ್ಲುವ ಹೊತ್ತಿಗೆ ಹಾಲು ಎಲ್ಲ ಚಳಿಯನ್ನೂ ಬಿಟ್ಟಿರುತ್ತಿತ್ತು.

ನಿಜ ಹೇಳಬೇಕೆಂದರೆ, ಅಕ್ಕನಿಗೆ ಆ ಕೆಲಸ ಸಿಗುವುದು ಪಿಟೀಲಿಗೆ ಇಷ್ಟವಿರಲಿಲ್ಲ. ಕೆಲಸ ಮಧ್ಯಾಹ್ನದಿಂದ ಅಂಗಡಿ ಮುಚ್ಚುವ ತನಕ. ಅಮ್ಮ ಬರುವಾಗ ಕತ್ತಲಾಗಿರುತ್ತದೆ. ಅಲ್ಲಿಯವರೆಗೆ ಪಿಟೀಲು ಕೆಳಗಿನ ಮನೆಯ ಟೈಲರ್ ಆಂಟಿಯ ಹತ್ತಿರ ಇರಬೇಕಂತೆ. ಆಂಟಿ ಒಳ್ಳೆಯವರೇ. ಆದರೆ ಅವರ ಹೊಲಿಗೆ ಮಷೀನಿನ ಟಕಟಕದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಶಾಲೆಯಲ್ಲಿ ಯಾರು ಯಾರ ಜೊತೆ ಟೂ ಬಿಟ್ಟರು, ಪಿಟಿ ಸರ್ ಯಾಕೆ ಜಾರಿ ಬಿದ್ದರು, ಇದನ್ನೆಲ್ಲ ಬಿಸಿಬಿಸಿಯಾಗಿ ಯಾರಿಗೆ ಹೇಳುವುದು? ಅಕ್ಕನಿಗೆ ಹೇಳದಿದ್ದರೆ ಅದೆಲ್ಲ ನಡೆದ ಹಾಗೇ ಅನ್ನಿಸುವುದಿಲ್ಲ.

ಬುಧವಾರ ಪಿಟೀಲಿಗೆ ಥ್ರೋಬಾಲ್ ಪ್ರಾಕ್ಟೀಸ್ ಇತ್ತು. ಅವಳು ಮನೆಗೆ ಬರುವುದಕ್ಕೂ ಅಕ್ಕ ಜಗ್ಗು ಹಿಡಿದು ನಿಲ್ಲುವುದಕ್ಕೂ ಸರಿಹೋಯಿತು.

“ಎಲ್ಲೇ ಹಾಲು? ಇವತ್ತು ಅಸಿಸ್ಟೆಂಟ್ ಲೇಟು!”

“ತರ್ತೀನಿ, ತರ್ತೀನಿ!” ಪಿಟೀಲು ಶೂ ಹಾಕಿಕೊಂಡೇ ಓಡಿ, ಫ್ರಿಜ್ಜಿನಿಂದ ಪ್ಯಾಕೆಟ್ ಎಳೆದು ಕೊಟ್ಟಳು. ಪ್ಯಾಕೆಟ್ ಬೆವರಿ ಕೈಯೆಲ್ಲ ಒದ್ದೆಯಾಯಿತು. ಅಕ್ಕ ಗಡಿಬಿಡಿಯಲ್ಲಿ ಜಗ್ಗಿಗೆ ಸುರಿದು ತಿರುಪು ತಿರುಗಿಸಿದಳು.

ಬುಸ್ಸಪ್ಪ ಬುಸುಗುಟ್ಟಿದ. ಚರ್ ಚರ್. ಅಕ್ಕ ಕೊಳವೆಯ ತುದಿಯನ್ನು ಕೆಳಗಿಳಿಸಿದಳು. ಹಾಲು ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು. ಅಂಗೈಗೆ ಬಿಸಿ ಏರುವಷ್ಟರಲ್ಲಿ ಗುಳ್ಳೆಗಳೆಲ್ಲ ಮಾಯವಾಗಿದ್ದವು. ಜಗ್ಗನ್ನು ಕಟ್ಟೆಗೆ ಟಕ್ ಎಂದು ಕುಟ್ಟಿ, ಅಲ್ಲಾಡಿಸಿ ನೋಡಿದರೆ ಹಾಲು ಹೊಸ ಪೇಂಟಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಕಾಫಿಗೆ ಸುರಿದರೆ ಒಂದು ಚೂರೂ ಒಡೆಯಲಿಲ್ಲ.

ಅಕ್ಕ ಪಿಟೀಲಿನ ಎರಡೂ ಕೈ ಹಿಡಿದು ಅಡುಗೆಮನೆಯಲ್ಲೇ ಕುಣಿದಳು. ಪಿಟೀಲೂ ಕುಣಿದಳು. ಆದರೆ ಟೈಲರ್ ಆಂಟಿಯ ಮನೆ ನೆನಪಾಗಿ ಕುಣಿತ ಸ್ವಲ್ಪ ನಿಧಾನವಾಯಿತು.

ಗುರುವಾರ ಪಿಟೀಲು ಹೊತ್ತಿಗೆ ಸರಿಯಾಗಿ ಬಂದಳು. ಕಪ್ಪು ತೊಳೆದಳು. ಹಾಲು ತೆಗೆದಿಟ್ಟಳು. ಅಕ್ಕ ಹಾಡು ಗುನುಗುತ್ತ ಬಂದು ಹಾಲು ಕಾಯಿಸಿದಳು.

ಒಡೆಯಿತು.

ಇನ್ನೊಂದು ಸಲ ಮಾಡಿದಳು. ಗುಳ್ಳೆ. ಮತ್ತೊಂದು ಸಲ. ಚೂರು ಚೂರು. ಪ್ಯಾಕೆಟ್ ಖಾಲಿಯಾಯಿತು. ಹಾಡು ಯಾವಾಗಲೋ ನಿಂತುಹೋಗಿತ್ತು.

“ನಿನ್ನೆ ಅದೇನೋ ಅದೃಷ್ಟಕ್ಕೆ ಬಂದಿತ್ತು ಅಷ್ಟೆ,” ಎಂದಳು ಅಕ್ಕ. “ನಾಳೆ ಹೋಗಿ ಅವರ ಮುಂದೆ ಮಾನ ಕಳ್ಕೊಳ್ಳೋದಕ್ಕಿಂತ ಬರಲ್ಲ ಅಂತ ಮೆಸೇಜ್ ಹಾಕೋದೇ ವಾಸಿ.”

ಪಿಟೀಲಿನ ಹೊಟ್ಟೆಯಲ್ಲಿ ಒಂದು ಸಣ್ಣ ಖುಷಿ ಎದ್ದಿತು. ಹಾಗಾದರೆ ಅಕ್ಕ ಮನೆಯಲ್ಲೇ ಇರುತ್ತಾಳೆ! ಅದು ಒಳ್ಳೆಯ ಖುಷಿಯಲ್ಲ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಯಾರೂ ಹೇಳದಿದ್ದರೂ ಬಟ್ಟೆ ತೆಗೆದುಕೊಂಡು ಮೇಜು ಒರೆಸತೊಡಗಿದಳು.

ಒರೆಸುತ್ತ ಖಾಲಿ ಪ್ಯಾಕೆಟ್ ಎತ್ತಿದಳು. ಅದು ಒಣಗಿತ್ತು. ನಿನ್ನೆ ಬೆವರಿತ್ತಲ್ಲ? ನಿನ್ನೆ ಕೈ ಒದ್ದೆಯಾಗಿತ್ತಲ್ಲ?

ಅವಳ ಕೈ ನಿಂತಿತು. ನಿನ್ನೆ ಹಾಲು ಮೇಜಿನ ಮೇಲೆ ಕೂತಿರಲೇ ಇಲ್ಲ. ಫ್ರಿಜ್ಜಿನಿಂದ ನೇರ ಜಗ್ಗಿಗೆ ಹೋಗಿತ್ತು. ತಣ್ಣಗಿದ್ದ ಹಾಲು ಬಿಸಿಯಾಗಲು ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತೂ ಅದು ಸುತ್ತಿತ್ತು. ಬೇರೆ ದಿನವೆಲ್ಲ ಹಾಲಿಗೆ ಸುತ್ತಲು ಸಮಯವೇ ಸಿಗದಂತೆ ಮಾಡಿದ್ದು ಯಾರು? ಸಾಕ್ಷಾತ್ ಅಸಿಸ್ಟೆಂಟು!

ಹೇಳಬೇಕು ಎಂದುಕೊಂಡಳು. ಹೇಳಿದರೆ ಅಕ್ಕ ನಾಳೆ ಹೋಗುತ್ತಾಳೆ. ಕೆಲಸವೂ ಸಿಕ್ಕಿಬಿಡುತ್ತದೆ. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪಿಟೀಲು ಬಾಯಿಗೆ ಬೀಗ ಹಾಕಿಕೊಂಡು ಲೆಕ್ಕದ ಪುಸ್ತಕ ತೆರೆದು ಕೂತಳು.

ಸ್ವಲ್ಪ ಹೊತ್ತಿಗೆ ಅಕ್ಕ ಮುಖ ತೊಳೆದುಕೊಂಡು ಬಂದಳು. ಮೂಗು ಕೆಂಪಾಗಿತ್ತು. ಏನೂ ಆಗದವಳ ಹಾಗೆ, “ಎಲ್ಲಿ ತೋರಿಸು ನಿನ್ನ ಭಾಗಾಕಾರ,” ಎಂದು ಪೆನ್ಸಿಲ್ ತೆಗೆದುಕೊಂಡಳು. ಒಂದರ ಕೆಳಗೊಂದರಂತೆ ಎಲ್ಲದಕ್ಕೂ ರೈಟ್ ಹಾಕುತ್ತ ಹೋದಳು.

“ಅಕ್ಕ, ಇದು ತಪ್ಪು ಕಣೇ. ಇಲ್ಲಿ ಶೇಷ ಉಳೀಬೇಕು. ನಂಗೇ ಈಗ ಗೊತ್ತಾಯ್ತು.”

ಅಕ್ಕ ಇಣುಕಿ ನೋಡಿದಳು. “ಹೌದಲ್ಲ... ನೋಡು, ಇದೂ ಬರಲ್ಲ ನಂಗೆ. ಯಾವುದೂ ಬರಲ್ಲ ಬಿಡು.”

ಭಾಗಾಕಾರ ಪಿಟೀಲಿಗೆ ಕಲಿಸಿದವಳೇ ಅಕ್ಕ. ಸೈಕಲ್ ಕಲಿಸಿದವಳೂ ಅಕ್ಕ. ಅಂಥ ಅಕ್ಕ ಹೀಗೆ ಮಾತಾಡುವುದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಹಿಂದೆ ಇನ್ನೊಂದು ಪ್ಯಾಕೆಟ್ ಇತ್ತು.

“ಇನ್ನೊಂದೇ ಒಂದು ಸಲ ಮಾಡು.”

“ಸಾಕು ಕಣೇ. ಪಿಟೀಲು ಕುಯ್ಯಬೇಡ.”

“ಕುಯ್ತೀನಿ. ಮಾಡು. ಮೇಜಿನ ಮೇಲೆ ಇಡಬಾರದು. ಈಗಲೇ, ತಣ್ಣಗಿರುವಾಗಲೇ ಸುರಿ. ಮಾಡು ಅಕ್ಕ, ಮಾಡು, ಮಾಡು, ಮಾಡು!”

ಕಾಟ ತಡೆಯಲಾರದೆ ಅಕ್ಕ ಎದ್ದಳು. ಪಿಟೀಲು ಉಸಿರು ಬಿಗಿಹಿಡಿದು ದೂರ ನಿಂತಳು. ಚರ್ ಚರ್. ಹಾಲು ಸುತ್ತಿತು, ಸುತ್ತುತ್ತಲೇ ಇತ್ತು. ಅಕ್ಕನ ಹುಬ್ಬು ಮೇಲೇರಿತು. ಕಾಫಿಗೆ ಸುರಿದಾಗ ಅದರ ಮೇಲೆ ನುಣ್ಣನೆಯ ಬಿಳಿ ವೃತ್ತ ನಿಂತಿತು.

ಅಕ್ಕ ಪ್ಯಾಕೆಟ್ಟನ್ನು ಮುಟ್ಟಿ ನೋಡಿದಳು. ಮೇಜನ್ನು ನೋಡಿದಳು. ಪಿಟೀಲನ್ನು ನೋಡಿದಳು.

“ಅಯ್ಯೋ! ಅಂಗಡೀಲಿ ಅವರು ಫ್ರಿಜ್ಜಿಂದ ತೆಗೆದು ಹಾಗೇ ಸುರೀತಾರೆ. ಅದನ್ನ ಬೇರೆ ಹೇಳಬೇಕು ಅಂತ ಅವರಿಗೆ ಅನ್ನಿಸೇ ಇಲ್ಲ. ನಮ್ಮ ಮನೇಲಿ ಹಾಲಿಗೂ ಗಂಟಲು ನೋವು ಬರುತ್ತೆ ಅಂತ ಅವರಿಗೇನು ಗೊತ್ತು!” ಅಕ್ಕ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, “ನಿಂಗೆ ಯಾವಾಗ ಹೊಳೀತು?”

“ಮೇಜು ಒರೆಸುವಾಗ.”

“ಮತ್ತೆ ಇಷ್ಟು ಹೊತ್ತು ಸುಮ್ಮನಿದ್ದೆ?”

ಪಿಟೀಲು ತಲೆ ತಗ್ಗಿಸಿದಳು. “ನಿಂಗೆ ಕೆಲಸ ಸಿಕ್ಕಿದ್ರೆ ಸಂಜೆ ನೀನು ಇರಲ್ಲ.”

ಅಕ್ಕ ಬಯ್ಯಲಿಲ್ಲ. ಅವಳನ್ನೂ ಎಳೆದು ನೆಲದ ಮೇಲೆಯೇ ಪಕ್ಕದಲ್ಲಿ ಕೂರಿಸಿಕೊಂಡು ಹೆಗಲ ಮೇಲೆ ಕೈ ಹಾಕಿದಳು. “ನಂಗೂ ಅದೇ ಯೋಚನೆ ಕಣೇ,” ಎಂದಳು. ಇಬ್ಬರೂ ಒಂದೇ ಕಪ್ಪಿನಿಂದ ಸರದಿಯ ಮೇಲೆ ಗುಟುಕರಿಸಿದರು. ಚೆನ್ನಾಗಿತ್ತು. ಪಿಟೀಲಿನ ಮೇಲ್ತುಟಿಗೆ ಬಿಳಿ ಮೀಸೆ ಬಂತು.

ಶುಕ್ರವಾರ ಅಕ್ಕ ಹೋದಳು. ಸೋಮವಾರದಿಂದ ಕೆಲಸ ಶುರುವಾಯಿತು. ಪಿಟೀಲು ಟೈಲರ್ ಆಂಟಿಯ ಮನೆಯಲ್ಲಿ ಬಟ್ಟೆಯ ಚೂರುಗಳ ನಡುವೆ ಹೋಮ್‌ವರ್ಕ್ ಮಾಡಿದಳು. ಮೊದಲ ಸಂಜೆ ಅತ್ತಳು ಕೂಡ. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಶನಿವಾರ ಅಮ್ಮನಿಗೆ ರಜೆ ಇತ್ತು. ಅಮ್ಮ ಪಿಟೀಲನ್ನು ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಒಳಗೆ ಕಾಲಿಡಲು ಜಾಗವಿಲ್ಲ. ಅಮ್ಮ ಮೂಲೆಯಲ್ಲಿ ಕುರ್ಚಿ ಹಿಡಿದಳು. ಪಿಟೀಲು ಸಾಲಿನಲ್ಲಿ ನಿಂತಳು. ಎಷ್ಟೊಂದು ಸುದ್ದಿ ಇತ್ತು ಅವಳ ಹತ್ತಿರ! ಥ್ರೋಬಾಲ್ ಟೀಮಿಗೆ ಅವಳ ಹೆಸರು ಬಂದಿತ್ತು. ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಮೊದಲು ಅಕ್ಕನಿಗೇ ಹೇಳಬೇಕೆಂದು ಎರಡು ದಿನದಿಂದ ನಾಲಿಗೆ ಕಚ್ಚಿಕೊಂಡಿದ್ದಳು. ಅಕ್ಕ ಮನೆಗೆ ಬರುವಾಗ ಪಿಟೀಲಿಗೆ ನಿದ್ದೆ, ಪಿಟೀಲು ಶಾಲೆಗೆ ಹೊರಡುವಾಗ ಅಕ್ಕನಿಗೆ ನಿದ್ದೆ.

ಅಕ್ಕ ಕಪ್ಪು ಏಪ್ರನ್ ಹಾಕಿಕೊಂಡು ದೊಡ್ಡ ಮಷೀನಿನ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಜಗ್ಗು, ಇನ್ನೊಂದು ತಿರುಪಿನ ಮೇಲೆ. ಯಾರೋ ಏನೋ ಕೇಳಿದರೆ ತಿರುಗದೆಯೇ ಉತ್ತರ ಕೊಡುತ್ತಿದ್ದಳು. ಪಕ್ಕದಲ್ಲಿದ್ದ ಯಜಮಾನಿ ಅಕ್ಕನ ಜಗ್ಗನ್ನು ಇಣುಕಿ ಕೂಡ ನೋಡುತ್ತಿರಲಿಲ್ಲ. ಅಕ್ಕನ ಮುಖ ಬೆವರಿತ್ತು, ಕೂದಲು ಕೆದರಿತ್ತು. ಅವಳು ಇಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ.

ಪಿಟೀಲಿನ ಸರದಿ ಬಂತು.

“ಏನು ಬೇಕು ಮೇಡಂ?” ಎಂದು ಕೇಳುತ್ತ ತಲೆ ಎತ್ತಿದ ಅಕ್ಕ ಕಣ್ಣರಳಿಸಿದಳು. “ಅಯ್ಯೋ, ನೀನಾ! ಏನೇ ಸುದ್ದಿ? ಬೇಗ ಹೇಳು.”

ಪಿಟೀಲು ಬಾಯಿ ತೆರೆದಳು. ಹಿಂದೆ ತಿರುಗಿ ನೋಡಿದಳು. ಸಾಲು ಬಾಗಿಲಿನ ತನಕ ಬೆಳೆದಿತ್ತು. ಮಗುವನ್ನು ಎತ್ತಿಕೊಂಡಿದ್ದ ಒಬ್ಬರು ಆಗಲೇ ಮೆನು ಬೋರ್ಡು ನೋಡುತ್ತಿದ್ದರು.

“ಸೋಯಾ ಹಾಲು ಹಾಕಿ ಒಂದು ಕಾಫಿ, ಅಮ್ಮನಿಗೆ,” ಎಂದಳು ಪಿಟೀಲು. “ಸುದ್ದಿ ಮನೇಲಿ ಹೇಳ್ತೀನಿ. ರಾತ್ರಿ ಎದ್ದಿರ್ತೀನಿ.”

ಹಾಗೆಂದು ಹಿಂದಿನವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು.